ಶಿಶುವಿಹಾರದ ರೊಟ್ಟಿ



ಎಳೆಯ ಮಕ್ಕಳ ಶಿಕ್ಷಣವನ್ನು ಕುರಿತು ವರ್ಷಕ್ಕೊಮ್ಮೆಯಾದರೂ ಊರಿನವರು ಒಂದೆಡೆ ಕುಳಿತು ಆಲೋಚಿಸಬೇಕೆಂಬ ಸದಿಚ್ಛೆಯಿಂದ ಏರ್ಪಟ್ಟಿರುವ ಈ ದತ್ತಿ ಉಪನ್ಯಾಸದಲ್ಲಿ ಈ ದಿನದ ವಿಷಯವನ್ನು ನಿಮ್ಮ ಮುಂದಿಡುತ್ತೇನೆ. ವಿಷಯ ರೊಟ್ಟಿ. ಮೂರರಿಂದ ಆರು ವರ್ಷದ ಮಕ್ಕಳು ಕೂಡುವ ಅಂಗನವಾಡಿಯಲ್ಲಿ, ಬಾಲವಾಡಿಯಲ್ಲಿ, ಶಿಶುವಿಹಾರದಲ್ಲಿ, ಕಾಳಿನಿಂದ ತುತ್ತಿನವರೆಗೆ ರೊಟ್ಟಿಯು ಕ್ರಮಿಸುವ ಹಾದಿಯನ್ನು ಮಕ್ಕಳ ಕೈಯಿಂದಲೇ ನಡೆಸಿದರೆ ಅದರಲ್ಲಿ ಎಷ್ಟು ಬಗೆಯ ಕಲಿಕೆ ಅಡಗಿದೆ, ಆ ಕಲಿಕೆಯನ್ನು ಕೆಡಿಸದಂತೆ ದೊಡ್ಡವರಾದ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದೇ ನನ್ನ ಪ್ರತಿಪಾದ್ಯ.

೧

ಇಂತಹ ವೇದಿಕೆಗೆ ಇಷ್ಟು ಸಾಮಾನ್ಯವಾದ ವಸ್ತುವೇ ಎಂದು ಯಾರಿಗಾದರೂ ತೋರಿದರೆ, ಅವರು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯನ್ನು ನೆನೆಯಬೇಕೆಂದು ಬೇಡುತ್ತೇನೆ. ವರುಣನ ಮಗನಾದ ಭೃಗು ಬ್ರಹ್ಮವನ್ನು ತಿಳಿಸಿಕೊಡೆಂದು ತಂದೆಯ ಬಳಿಗೆ ಬಂದಾಗ, ತಂದೆಯು ಸಿದ್ಧವಾದ ಉತ್ತರವೊಂದನ್ನು ಮಗನ ಕೈಗೆ ಇಡಲಿಲ್ಲ. ತಪಸ್ಸು ಮಾಡಿ ನೀನೇ ತಿಳಿದುಕೋ ಎಂದು ಕಳುಹಿಸಿದನು. ಮಗನು ಮೊದಲು ಕಂಡುಕೊಂಡು ಬಂದ ಉತ್ತರ ಅನ್ನ. ಆಮೇಲೆ ಪ್ರಾಣ, ಆಮೇಲೆ ಮನಸ್ಸು, ಆಮೇಲೆ ವಿಜ್ಞಾನ, ಕಡೆಯಲ್ಲಿ ಆನಂದ. ಪ್ರತಿ ಸಲವೂ ತಂದೆಯು, ನಿನ್ನ ಉತ್ತರ ತಪ್ಪೆಂದು ಹಳಿಯದೆ, ಮತ್ತೆ ಹೋಗಿ ತಪಸ್ಸು ಮಾಡೆಂದಷ್ಟೇ ಹೇಳಿದನು. ಈ ಆಖ್ಯಾನದ ಆಧ್ಯಾತ್ಮಿಕ ಅರ್ಥವನ್ನು ವಿವರಿಸುವ ಅಧಿಕಾರ ನನಗಿಲ್ಲ. ಆದರೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಎಳೆಯ ಮಕ್ಕಳ ನಡುವೆ ಕಳೆದವಳಾಗಿ, ಇದರಲ್ಲಿ ಶಿಶುಶಿಕ್ಷಣದ ಎರಡು ಮೂಲಸೂತ್ರಗಳು ನನಗೆ ಕಾಣುತ್ತವೆ. ಜಿಜ್ಞಾಸೆಯು ಅನ್ನದಿಂದ ಮೊದಲಾಗುತ್ತದೆಂಬುದು ಒಂದು. ತಿಳಿದವನು ಕೈ ಹಿಡಿದೆಳೆಯದೆ ಕಾದು ನಿಲ್ಲಬೇಕೆಂಬುದು ಇನ್ನೊಂದು. ನಾನು ಇಂದು ಹೇಳಲಿರುವುದೆಲ್ಲ ಈ ಎರಡರ ವಿಸ್ತರಣವೇ.

ಮಗುವಿಗೆ ಪ್ರಪಂಚದ ಪರಿಚಯವಾಗುವುದು ಬಾಯಿಂದ, ಮೂಗಿನಿಂದ, ಬೆರಳ ತುದಿಯಿಂದ. ಅಕ್ಷರದ ಶಿಕ್ಷಣವಂತೂ ಎಲ್ಲಕ್ಕಿಂತ ಹಿಂದಿನಿಂದ ಬರತಕ್ಕದ್ದು. ಹೀಗಿರಲು, ಗೋಡೆಯ ಮೇಲಿನ ಪಟದಲ್ಲಿ ರೊಟ್ಟಿಯ ಚಿತ್ರವನ್ನು ತೋರಿಸಿ, ಅದರ ಕೆಳಗಿನ ಅಕ್ಷರಗಳನ್ನು ಕೂಗಿಸಿ, ಪಾಠ ಮುಗಿಯಿತೆಂದು ಭಾವಿಸುವುದು ಎಷ್ಟರಮಟ್ಟಿಗೆ ಸರಿ? ಚಿತ್ರದ ರೊಟ್ಟಿಗೆ ಕಾವಿಲ್ಲ, ಕಂಪಿಲ್ಲ, ಮುರಿದರೆ ಸದ್ದಿಲ್ಲ, ಹಂಚಿಕೊಳ್ಳುವುದಕ್ಕೆ ಬರುವುದಿಲ್ಲ. ಮನೆಯಲ್ಲಿ ದಿನಕ್ಕೆರಡು ಬಾರಿ ನಿಜವಾದ ರೊಟ್ಟಿಯನ್ನು ಕಂಡ ಮಗುವಿಗೆ ಶಾಲೆಯಲ್ಲಿ ಅದರ ನೆರಳನ್ನು ತೋರಿಸುವುದೆಂದರೆ, ಮಗುವಿನ ತಿಳಿವನ್ನು ಬೆಳೆಸುವುದಕ್ಕೆ ಬದಲಾಗಿ ಹಿಂದಕ್ಕೆ ನೂಕಿದಂತೆ.

೨

ಈ ಮಾತು ನನ್ನೊಬ್ಬಳ ಊಹೆಯಲ್ಲ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ೧೮೩೭ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟ ಸಂಗತಿ ಶಿಕ್ಷಕರೆಲ್ಲರೂ ಬಲ್ಲದ್ದು. ಅವನು ೧೮೪೪ರಲ್ಲಿ ತಾಯಂದಿರಿಗಾಗಿ ಹೊರತಂದ ಹಾಡುಗಳ ಮತ್ತು ಬೆರಳಾಟಗಳ ಪುಸ್ತಕದಲ್ಲಿ, ಕೂಸಿನ ಎರಡು ಅಂಗೈಗಳನ್ನು ಕೂಡಿಸಿ ರೊಟ್ಟಿ ತಟ್ಟುವಂತೆ ತಟ್ಟಿಸುವ ಆಟವೊಂದಿದೆ. ನಮ್ಮ ತಾಯಂದಿರು ತೊಡೆಯ ಮೇಲೆ ಕೂರಿಸಿಕೊಂಡು ಚಪ್ಪಾಳೆ ಹಾಕಿಸುವ ಆಟದಂತೆಯೇ ಅದು. ಫ್ರೋಬೆಲ್ಲನ ವಿಶೇಷವೆಂದರೆ, ಆ ಆಟವನ್ನು ಅವನು ಅಲ್ಲಿಗೇ ನಿಲ್ಲಿಸಲಿಲ್ಲ: ರೊಟ್ಟಿ ಸುಡುವವನ ಹಿಂದೆ ಹಿಟ್ಟು ಬೀಸುವವನು, ಅವನ ಹಿಂದೆ ಕಾಳು ಬೆಳೆದ ಒಕ್ಕಲಿಗ, ಅವನ ಹಿಂದೆ ಮಳೆ ಬಿಸಿಲು ಭೂಮಿಗಳು, ಅವುಗಳ ಹಿಂದೆ ಈಶ್ವರಕೃಪೆ, ಹೀಗೆ ಒಂದು ತುತ್ತಿನ ಹಿಂದೆ ನಿಂತಿರುವ ಉಪಕಾರದ ಸರಪಣಿಯನ್ನು ಮಗುವಿನ ಹೃದಯಕ್ಕೆ ಮೆಲ್ಲನೆ ತಾಗಿಸಬೇಕೆಂಬುದು ಅವನ ಆಶಯವಾಗಿದ್ದಿತು.

ಇಟಲಿಯ ಮರಿಯಾ ಮಾಂಟೆಸೊರಿ ೧೯೦೭ರ ಜನವರಿ ೬ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತನ್ನ ಮೊದಲನೆಯ ಮಕ್ಕಳ ಮನೆಯನ್ನು ತೆರೆದಳು. ಅವಳ ಪದ್ಧತಿಯಲ್ಲಿ ಗುಡಿಸುವುದು, ತೊಳೆಯುವುದು, ನೀರು ಬಗ್ಗಿಸುವುದು, ಊಟ ಬಡಿಸುವುದು ಮೊದಲಾದ ನಿತ್ಯಜೀವನದ ಕೆಲಸಗಳಿಗೆ ಪಾಠದ ಸ್ಥಾನವೇ ದೊರೆಯಿತು. ನಾಲ್ಕು ವರ್ಷದ ಮಕ್ಕಳು ತುಂಬಿದ ಸಾರಿನ ಪಾತ್ರೆಯನ್ನು ತುಳುಕಿಸದೆ ಹೊತ್ತು ತಂದು ಗೆಳೆಯರಿಗೆ ಬಡಿಸುವ ದೃಶ್ಯವನ್ನು ಅವಳು ಅಭಿಮಾನದಿಂದ ಬಣ್ಣಿಸಿದ್ದಾಳೆ. ಆ ಮಹಾತಾಯಿಯೇ ೧೯೩೯ರಲ್ಲಿ ಮದರಾಸಿನ ಅಡಿಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟುದು ನಮ್ಮ ಭಾಗ್ಯ. ನಮ್ಮವರಲ್ಲಿ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲಸಿ, ಬಡವರ ಮಕ್ಕಳು ಶಾಲೆಯವರೆಗೆ ಬರಲಾರರಾದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ಸಂಕಲ್ಪದಿಂದ, ಊರಲ್ಲಿ ಸಿಗುವ ಕಾಳು, ಕಡ್ಡಿ, ಎಲೆ, ಕಲ್ಲುಗಳನ್ನೇ ಪಾಠದ ಸಾಧನಗಳನ್ನಾಗಿ ಮಾಡಿಕೊಂಡರು. ಅಂಗನವಾಡಿಯೆಂಬ ಹೆಸರಿನಲ್ಲಿಯೇ ಆ ಅಂಗಳವಿದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಪ್ರಾರಂಭವಾದಾಗ ನಮ್ಮ ನಾಡಿನಲ್ಲಿ ಆ ಗೌರವಕ್ಕೆ ಪಾತ್ರವಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಇಂದಿನವರೆಗೆ ಅಂಗನವಾಡಿಯಲ್ಲಿ ಆಹಾರವೂ ಉಂಟು, ಶಾಲಾಪೂರ್ವ ಶಿಕ್ಷಣವೂ ಉಂಟು. ಆದರೆ ಇವೆರಡರ ನಡುವೆ ಎಷ್ಟೋ ಕಡೆಗಳಲ್ಲಿ ಒಂದು ಗೋಡೆಯಿದೆ. ಗೋಡೆಯ ಆಚೆ ಸಹಾಯಕಿ ಕಾಳು ಆರಿಸುತ್ತಾಳೆ, ಅಳೆಯುತ್ತಾಳೆ, ತೊಳೆಯುತ್ತಾಳೆ, ಬೇಯಿಸುತ್ತಾಳೆ. ಈಚೆ ಕಾರ್ಯಕರ್ತೆ ಆರಿಸುವುದು, ಅಳೆಯುವುದು, ಎಣಿಸುವುದು ಎಂಬ ಪಾಠಗಳಿಗೆ ಪ್ಲಾಸ್ಟಿಕ್ಕಿನ ಮಣಿಗಳನ್ನು ಹುಡುಕುತ್ತಾಳೆ. ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. ಆ ಗೋಡೆಯಲ್ಲಿ ಒಂದು ಬಾಗಿಲನ್ನು ತೆರೆಯಿರೆಂದು ಮಾತ್ರ.

೩

ನಾನು ಬಲ್ಲ ರೊಟ್ಟಿ ಜೋಳದ ರೊಟ್ಟಿ. ನನ್ನ ಸೇವೆಯ ಬಹುಭಾಗ ಕಳೆದುದು ಎರೆಭೂಮಿಯ ಹಳ್ಳಿಗಳಲ್ಲಿ. ಆದುದರಿಂದ ದೃಷ್ಟಾಂತಗಳನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ರಾಗಿಯ ಸೀಮೆಯವರೂ ಅಕ್ಕಿಯ ಸೀಮೆಯವರೂ ತಮ್ಮ ತಮ್ಮ ಹಿಟ್ಟಿಗೆ ಹೊಂದಿಸಿಕೊಳ್ಳಬಹುದು.

ಮೊದಲನೆಯದು ಕಾಳಿನ ಪರಿಚಯ. ಅಗಲವಾದ ಮೊರದಲ್ಲಿ ಬಿಳಿಜೋಳ, ಸಜ್ಜೆ, ಗೋಧಿ, ರಾಗಿಗಳನ್ನು ಒಂದೊಂದು ಹಿಡಿ ಕಲೆಸಿ, ಸುತ್ತ ನಾಲ್ವರನ್ನು ಕೂರಿಸಿ, ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕೆನ್ನಬೇಕು. ಮಗುವಿನ ಹೆಬ್ಬೆರಳೂ ತೋರುಬೆರಳೂ ಒಂದು ಜೋಳದ ಕಾಳನ್ನು ಹಿಡಿದೆತ್ತುವ ಆ ಚಿಮುಟ ಹಿಡಿತವೇ ಮುಂದೆ ಬಳಪ ಹಿಡಿಯುವ ಹಿಡಿತ. ಬರೆಹದ ಅಭ್ಯಾಸ ಅಲ್ಲಿಂದಲೇ ಆರಂಭವಾಯಿತೆಂದು ತಿಳಿಯತಕ್ಕದ್ದು. ಕಣ್ಣಿನ ಕೆಲಸ ಮುಗಿದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆರಳಿನಿಂದಲೇ ಗುರುತಿಸುವ ಆಟ: ಜೋಳ ಗುಂಡಗೆ ನುಣುಪು, ಗೋಧಿಯ ಹೊಟ್ಟೆಯಲ್ಲಿ ಸೀಳು, ಸಜ್ಜೆಗೆ ಚೂಪಾದ ತುದಿ, ರಾಗಿ ಬೆರಳ ಸಂದಿಯಲ್ಲಿ ಜಾರಿಹೋಗುವಷ್ಟು ಸಣ್ಣದು. ಕಾಳನ್ನು ಮೂಗು ಕಿವಿಗಳಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸುಗಳು ಇರುವೆಡೆ ಈ ಆಟ ಸಲ್ಲದು. ಆಟ ನಡೆಯುವಷ್ಟು ಹೊತ್ತೂ ಹಿರಿಯರ ಕಣ್ಣು ಮೊರದ ಮೇಲೆಯೇ ಇರಬೇಕು.

ಕಾಳು ಬೇರಾದ ಮೇಲೆ ಕಥೆ. ಕನಕದಾಸರ ರಾಮಧಾನ್ಯಚರಿತೆ ಈ ಹೊತ್ತಿಗಾಗಿಯೇ ರಚಿತವಾದಂತಿದೆ. ಭತ್ತಕ್ಕೂ ರಾಗಿಗೂ ತಾನು ಮೇಲು ತಾನು ಮೇಲು ಎಂದು ಜಗಳ ಹತ್ತಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದಾಗ, ಭತ್ತವು ಬಾಡಿ ಸೊರಗಿ, ರಾಗಿಯು ಕುಂದದೆ ಹೊರಬಂದು ರಾಘವನ ಹೆಸರನ್ನೇ ಪಡೆದ ಆ ವೃತ್ತಾಂತವನ್ನು, ಮುಂದೆ ಎರಡು ಬಟ್ಟಲುಗಳಲ್ಲಿ ಆ ಎರಡು ಧಾನ್ಯಗಳನ್ನೇ ಇರಿಸಿಕೊಂಡು ಹೇಳಿದರೆ, ಮಕ್ಕಳು ಬಟ್ಟಲಿನಲ್ಲಿ ಪಾತ್ರಗಳನ್ನು ಕಾಣುತ್ತಾರೆ. ಬಡವರ ಕಾಳಿಗೂ ಮಾನವುಂಟೆಂಬ ಮಾತು ಉಪದೇಶವಿಲ್ಲದೆಯೇ ಅವರಲ್ಲಿ ಇಳಿಯುತ್ತದೆ.

ಕಥೆಯ ಮರುದಿನ ಬಿತ್ತನೆ. ತೆಂಗಿನ ಕರಟದಲ್ಲಿ ಎರೆಮಣ್ಣು ತುಂಬಿ ನಾಲ್ಕು ಕಾಳು ಊರಿದರೆ ಕೆಲವೇ ದಿನಗಳಲ್ಲಿ ಹಸುರು ಕುಡಿ ಮೂಡುತ್ತದೆ. ಕಾಯುವುದೆಂದರೇನೆಂಬುದನ್ನು ಮಗು ಕಲಿಯುವುದು ಆ ದಿನಗಳಲ್ಲಿ. ಮಣ್ಣು ಕೆದಕಿ ಕಾಳೇನಾಯಿತೆಂದು ನೋಡುವ ಮಗುವನ್ನು ಗದರಬೇಡಿ. ಅದಕ್ಕೆಂದೇ ಒಂದು ಕರಟವನ್ನು ಬೇರೆಯಾಗಿ ಇಡಿ. ಹಿಂಗಾರಿ ಜೋಳದ ಸೀಮೆಯಲ್ಲಿ ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ ಬೆಳೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಆಳೆತ್ತರಕ್ಕೆ ನಿಂತಿರುತ್ತದೆ. ಅಂದು ಒಕ್ಕಲು ಮಕ್ಕಳೆಲ್ಲ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಯ ಪಲ್ಯ, ಕಡುಬುಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ತಾವೂ ಉಂಡು ಬರುವ ಪದ್ಧತಿಯುಂಟು. ಮೊದಲು ಭೂಮಿಗೆ ಉಣಿಸಿ ಆಮೇಲೆ ತಾನುಣ್ಣುವ ಈ ವಿಧಿಗಿಂತ ಮಿಗಿಲಾದ ಪಾಠವನ್ನು ನಾವಾರೂ ರಚಿಸಲಾರೆವು. ಫ್ರೋಬೆಲ್ಲನು ಹಾಡಿನಲ್ಲಿ ಕಾಣಿಸಿದ ಉಪಕಾರದ ಸರಪಣಿಯು ಇಲ್ಲಿ ಹಬ್ಬವಾಗಿ ನಡೆಯುತ್ತಿದೆ. ಅದಾದ ಕೆಲವು ದಿನಗಳಿಗೆ ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ಕೊಡುವ ಸೀತನಿಯ ಸವಿಯನ್ನು ಒಮ್ಮೆ ಕಂಡ ಮಗು, ಕಾಳು ಅಂಗಡಿಯಲ್ಲಿ ಹುಟ್ಟುತ್ತದೆಂದು ಎಂದಿಗೂ ಹೇಳದು.

ಇನ್ನು ಬೀಸುವುದು. ಎಷ್ಟೋ ಮನೆಗಳ ಹಿತ್ತಿಲಲ್ಲಿ ಬೀಸುಕಲ್ಲು ಮಗ್ಗುಲಾಗಿ ಬಿದ್ದಿದೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಎದುರುಬದುರಾಗಿ ಇಬ್ಬರು ಮಕ್ಕಳನ್ನು ಕೂರಿಸಿ, ಒಂದೇ ಗೂಟವನ್ನು ಇಬ್ಬರೂ ಹಿಡಿದು ತಿರುವುವಂತೆ ಮಾಡಿದರೆ, ಒಬ್ಬನು ಎಳೆದಾಗ ಇನ್ನೊಬ್ಬನು ಬಿಡಬೇಕು, ಇವನು ಎಳೆದಾಗ ಅವನು ಬಿಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಕಲ್ಲು ಕದಲುವುದಿಲ್ಲ. ಸಹಕಾರವೆಂಬ ದೊಡ್ಡ ಮಾತಿನ ಅರ್ಥವನ್ನು ನಾಲ್ಕು ವರ್ಷದವರಿಗೆ ಕಲ್ಲು ಹೇಳಿಕೊಡುವಷ್ಟು ಸ್ಪಷ್ಟವಾಗಿ ಬಾಯಿ ಹೇಳಿಕೊಡಲಾರದು. ಕಲ್ಲಿನ ಅಂಚಿನಿಂದ ಉದುರಿದ ಹಿಟ್ಟನ್ನು ಮುಟ್ಟಿ ನೋಡಿದ ಮಗುವೊಂದು, ಹಿಟ್ಟು ಬೆಚ್ಚಗಿದೆಯೆಂದು ಬೆರಗಾಗಿ, ತನ್ನ ಅಂಗೈಗಳೆರಡನ್ನೂ ಉಜ್ಜಿ ಕೆನ್ನೆಗೆ ಒತ್ತಿಕೊಂಡುದನ್ನು ನಾನು ನೋಡಿದ್ದೇನೆ. ಉಜ್ಜಿದರೆ ಕಾವು ಹುಟ್ಟುತ್ತದೆಂಬ ನಿಯಮವನ್ನು ಆ ಮಗು ಕಂಡುಕೊಂಡಿತು. ಹೆಸರಿಡುವುದು ಮುಂದಿನ ಮಾತು. ಜರಡಿ ಹಿಡಿದಾಗ ಹಿಟ್ಟು ಕೆಳಗೂ ನುಚ್ಚು ಮೇಲೂ ಉಳಿಯುವುದು, ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ನಿಲ್ಲುವುದು, ಇವೂ ಅಂತಹವೇ ಶೋಧಗಳು.

೪

ಈಗ ಹಿಟ್ಟು, ನಾದುವ ಮರಿಗೆಯಾದ ಕೊಣಮಿಗೆಗೆ ಬಂದಿತು. ಇಲ್ಲಿ ಶಿಕ್ಷಕರಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ಸಮನಾದ ಎರಡು ಬಟ್ಟಲು ಜೋಳದ ಹಿಟ್ಟಿನಲ್ಲಿ ಒಂದಕ್ಕೆ ತಣ್ಣೀರನ್ನೂ ಇನ್ನೊಂದಕ್ಕೆ ಕುದಿಯುವ ಎಸರನ್ನೂ ನೀವೇ ಹೊಯ್ದು, ಮರದ ಸೌಟಿನಿಂದ ಕಲೆಸಿ, ಕೈ ತಾಳುವಷ್ಟು ಆರಿದ ಮೇಲೆ ಎರಡನ್ನೂ ಮಕ್ಕಳಿಗೆ ನಾದಲು ಕೊಡಿ. ತಣ್ಣೀರಿನದು ತಟ್ಟುವಾಗಲೇ ಬಿರಿಯುತ್ತದೆ. ಬಿಸಿನೀರಿನದು ಜಿಗಿ ಹಿಡಿದು ಹಿಗ್ಗುತ್ತದೆ. ಗೋಧಿಯಲ್ಲಿರುವಂತೆ ಗ್ಲೂಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ಆದುದರಿಂದ ಕುದಿನೀರಿನಿಂದ ಪಿಷ್ಟವನ್ನು ಅರೆಬೇಯಿಸಿ ಅಂಟಾಗಿಸಿಕೊಳ್ಳಬೇಕು. ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದದೆಯೇ ಈ ರಹಸ್ಯವನ್ನು ಅರಿತಿದ್ದರು. ಮಕ್ಕಳಿಗೆ ಈ ವಿವರಣೆ ಬೇಡ. ಏಕೆ ಹೀಗಾಯಿತೆಂಬ ಪ್ರಶ್ನೆ ಅವರ ಬಾಯಿಂದ ಬಂದರೆ ಅಷ್ಟೇ ಸಾಕು.

ಮಾತಿನ ಬೆಳವಣಿಗೆಗೆ ಈ ಕೆಲಸದಷ್ಟು ಫಲವತ್ತಾದ ಕ್ಷೇತ್ರವನ್ನು ನಾನು ಕಂಡಿಲ್ಲ. ಆರಿಸು, ಕೇರು, ಬೀಸು, ಸೋಸು, ನಾದು, ಮಿದಿ, ತಟ್ಟು, ಬಡಿ, ಹರವು, ತಿರುವು, ಸುಡು, ಉಬ್ಬು, ಮಡಿಸು, ಮುರಿ, ಹಂಚು: ಒಂದು ರೊಟ್ಟಿಯ ಹಾದಿಯಲ್ಲಿ ಹದಿನೈದು ಕ್ರಿಯಾಪದಗಳು, ಒಂದೊಂದೂ ಅದನ್ನು ಮಾಡುತ್ತಿರುವ ಕೈಯೊಡನೆಯೇ ಕಿವಿಗೆ ಬೀಳುತ್ತದೆ. ಅದರ ಜೊತೆಗೆ ತಪತಪ, ಗರಗರ, ಚುಂಯ್, ಕಟಕಟ ಎಂಬ ಅನುಕರಣ ಶಬ್ದಗಳ ಸಂಪತ್ತು. ಹಂಚು ಎಂಬ ಒಂದೇ ಮಾತು ಸುಡುವ ಸಾಧನಕ್ಕೂ ಪಾಲಿಡುವ ಕ್ರಿಯೆಗೂ ಸಲ್ಲುವುದನ್ನು ಐದು ವರ್ಷದ ಹುಡುಗಿಯೊಬ್ಬಳು ತಾನಾಗಿ ಗಮನಿಸಿ, ಹಂಚಿನ ಮೇಲಿದ್ದುದನ್ನು ಹಂಚೋಣವೆಂದು ಕುಣಿದಾಡಿದಳು. ಭಾಷೆಯ ಸೊಗಸನ್ನು ಕಂಡು ಕುಣಿಯುವ ಯೋಗ್ಯತೆ ಅಕ್ಷರ ಬರುವುದಕ್ಕೆ ಮೊದಲೇ ಮಗುವಿಗುಂಟು.

ಗಣಿತದ ಮಾತಿಗೆ ಬಂದರೆ, ಐದು ಮಕ್ಕಳಿಗೆ ಐದು ಉಂಡೆ, ಉಂಡೆಗೊಂದು ರೊಟ್ಟಿ, ರೊಟ್ಟಿಗೊಂದು ತಟ್ಟೆ ಎಂಬ ಒಂದಕ್ಕೊಂದರ ಜೋಡಣೆಯೇ ಎಣಿಕೆಯ ತಳಹದಿ. ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನ ಜ್ಯಾನ್ ಪಿಯಾಜೆ ಎಂಬ ಮನಶ್ಶಾಸ್ತ್ರಜ್ಞನು ಜೇಡಿಯ ಸಮಗಾತ್ರದ ಎರಡು ಉಂಡೆಗಳನ್ನು ಮಕ್ಕಳ ಮುಂದಿಟ್ಟು, ಅವರ ಕಣ್ಣೆದುರಿಗೇ ಒಂದನ್ನು ರೊಟ್ಟಿಯಂತೆ ಚಪ್ಪಟೆ ಮಾಡಿ, ಈಗ ಯಾವುದರಲ್ಲಿ ಹೆಚ್ಚಿದೆಯೆಂದು ಕೇಳಿದನು. ಸುಮಾರು ಏಳು ವರ್ಷಕ್ಕಿಂತ ಕಿರಿಯರಾದವರಲ್ಲಿ ಬಹುಮಂದಿ ಎರಡೂ ಸಮವೆಂದು ಹೇಳಲಾರದೆ ಹೋದರು. ಅಗಲವಾದುದನ್ನು ಕಂಡು ಹೆಚ್ಚೆಂದವರುಂಟು, ತೆಳುವಾದುದನ್ನು ಕಂಡು ಕಡಿಮೆಯೆಂದವರುಂಟು. ನಮ್ಮ ಕೊಣಮಿಗೆಯ ಪಕ್ಕದಲ್ಲಿಯೂ ದಿನವೂ ಇದೇ ನಡೆಯುತ್ತದೆ: ತನ್ನ ಉಂಡೆಗಿಂತ ಗೆಳತಿಯ ರೊಟ್ಟಿಯಲ್ಲಿ ಹಿಟ್ಟು ಹೆಚ್ಚಿದೆಯೆಂದು ಮಗು ಅಳುತ್ತದೆ. ಆ ಅಳು ಹಟವಲ್ಲ, ಅಸೂಯೆಯಲ್ಲ; ಅದು ಆ ವಯಸ್ಸಿನ ದೃಷ್ಟಿ. ವಾದದಿಂದ ಅದನ್ನು ತಿದ್ದಲು ಹೋಗಬೇಡಿ. ರೊಟ್ಟಿಯನ್ನು ಮತ್ತೆ ಉಂಡೆ ಮಾಡಲಿ, ಉಂಡೆಯನ್ನು ಮತ್ತೆ ತಟ್ಟಲಿ, ಹತ್ತು ಸಲ ಮಾಡಲಿ. ವರುಣನಂತೆ, ಮತ್ತೆ ಹೋಗಿ ನೋಡು ಎನ್ನುವುದಷ್ಟೇ ನಮ್ಮ ಪಾಲಿನ ಕೆಲಸ.

ಹಂಚಿನ ಕೆಲಸ ಹಿರಿಯರದೇ. ಒಲೆಯಿಂದ ಮೂರು ಮಾರು ದೂರದಲ್ಲಿ ಸುಣ್ಣದ ಗೆರೆಯೆಳೆದು ಮಕ್ಕಳನ್ನು ಅದರಾಚೆ ಕೂರಿಸಬೇಕು; ಈ ನಿಯಮದಲ್ಲಿ ರಿಯಾಯಿತಿಯಿಲ್ಲ. ಅಲ್ಲಿಂದ ಅವರು ಕಾಣುವುದು ಒಂದು ನಾಟಕವನ್ನೇ. ರೊಟ್ಟಿಯ ಮೇಲೆ ನೀರು ಸವರಿದ ಒದ್ದೆಬಟ್ಟೆಯ ಗುರುತು ಮೆಲ್ಲಗೆ ಆರುತ್ತದೆ. ಅಲ್ಲಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ತಿರುವಿಹಾಕಿದ ಮೇಲೆ ಗುಳ್ಳೆಗಳು ಒಂದನ್ನೊಂದು ಸೇರಿ, ಒಳಗಿನ ತೇವ ಉಗಿಯಾಗಿ, ಹೊರಬರಲು ದಾರಿಯಿಲ್ಲದೆ ಮೇಲ್ಪದರವನ್ನು ಎತ್ತುತ್ತದೆ. ಉಬ್ಬಿತೆಂದು ಮಕ್ಕಳೆಲ್ಲ ಒಕ್ಕೊರಲಿನಿಂದ ಕೂಗುವ ಆ ಕ್ಷಣಕ್ಕಾಗಿಯೇ ನಾನು ಎಷ್ಟೋ ಹಳ್ಳಿಗಳಿಗೆ ಹೋದದ್ದುಂಟು. ಊರಿನಲ್ಲಿ ಬೇಕರಿಯಿದ್ದರೆ ಅಲ್ಲಿಗೂ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಬ್ರೆಡ್ಡಿನ ಚೂರೊಂದನ್ನು ಬೆಳಕಿಗೆ ಹಿಡಿದು ನೋಡಿಸಿ: ರೊಟ್ಟಿಯಲ್ಲಿ ಒಂದೇ ಒಂದು ದೊಡ್ಡ ಟೊಳ್ಳು, ಬ್ರೆಡ್ಡಿನಲ್ಲಿ ಎಣಿಸಲಾರದಷ್ಟು ಸಣ್ಣ ರಂಧ್ರಗಳು. ಯೀಸ್ಟ್ ಹಾಕಿ ನಾದಿದ ಮೈದಾಹಿಟ್ಟನ್ನು ಗಾಜಿನ ಲೋಟದಲ್ಲಿಟ್ಟು, ಹಿಟ್ಟಿನ ಮಟ್ಟಕ್ಕೆ ಹೊರಗೊಂದು ದಾರ ಕಟ್ಟಿದರೆ, ಊಟದ ಹೊತ್ತಿಗೆ ಹಿಟ್ಟು ದಾರವನ್ನು ದಾಟಿ ಏರಿರುವುದನ್ನು ಅವರೇ ಕಂಡು ಬಂದು ಹೇಳುತ್ತಾರೆ.

೫

ಇಷ್ಟೆಲ್ಲ ಹೇಳಿದ ನಾನು, ನನ್ನಿಂದಾದ ಒಂದು ಅಪಚಾರವನ್ನು ಈ ಸಭೆಯಲ್ಲಿ ಹೇಳದೆ ಹೋದರೆ ಉಪನ್ಯಾಸ ಅಪೂರ್ಣವಾಗುತ್ತದೆ. ಸೇವೆಗೆ ಸೇರಿದ ಹೊಸತರಲ್ಲಿ, ಎರೆನಾಡಿನ ಹಳ್ಳಿಯೊಂದರ ಬಾಲವಾಡಿಯಲ್ಲಿ, ಅದೇ ಓಣಿಯ ವೃದ್ಧೆಯೊಬ್ಬರನ್ನು ಹಂಚಿನ ಮುಂದೆ ಕೂರಿಸಿ ಮಕ್ಕಳಿಂದ ರೊಟ್ಟಿ ತಟ್ಟಿಸುತ್ತಿದ್ದೆ. ನಾಲ್ಕು ವರ್ಷದ ಒಂದು ಹುಡುಗಿ, ಮಾತು ಬಹಳ ಕಡಿಮೆ, ನಾಲಗೆಯನ್ನು ಕಚ್ಚಿ ಹಿಡಿದು, ಅಂಗೈ ಅಗಲದ ಒಂದು ರೊಟ್ಟಿಯನ್ನು ಬಹಳ ಹೊತ್ತು ತಟ್ಟಿದಳು. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚಿನಲ್ಲಿ ಬಿರುಕು. ಆಕಾರ ಯಾವುದೆಂದು ಹೇಳಲಾಗದು. ಅಂದು ಮೇಲ್ವಿಚಾರಕರು ನೋಡಲು ಬರುವವರಿದ್ದರು. ನಾನು ಅವಳ ಪಕ್ಕದಲ್ಲಿ ಕುಳಿತು, ಚೆನ್ನಾಗಿದೆಯೆಂದು ಹೊಗಳುತ್ತಲೇ, ಆ ರೊಟ್ಟಿಯನ್ನು ನನ್ನ ಕೈಗೆ ತೆಗೆದುಕೊಂಡು, ಬಿರುಕನ್ನು ಕೂಡಿಸಿ, ಸುತ್ತ ತಟ್ಟಿ, ಚಂದ್ರನಂತೆ ದುಂಡಗೆ ಮಾಡಿ ಹಂಚಿಗೆ ಹಾಕಿಸಿದೆ. ಅದು ಚೆನ್ನಾಗಿ ಉಬ್ಬಿತು. ತಟ್ಟೆಗೆ ಹಾಕಿ ಕೊಟ್ಟಾಗ ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. ಏಕಮ್ಮಾ ಎಂದು ಕೇಳಿದೆ. “ಇದು ನಂದಲ್ರೀ ಅಕ್ಕೋರ, ನಿಮ್ದು” ಎಂದಳು. ಅಷ್ಟೇ ಹೇಳಿ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ; ಇದ್ದ ಸಂಗತಿಯನ್ನು ಇದ್ದಂತೆ ಹೇಳಿದಳು. ಹಂಚಿನ ಮುಂದಿದ್ದ ಆ ಹಿರಿಯ ತಾಯಿ, ಕೈಯ ಕೆಲಸವನ್ನು ನಿಲ್ಲಿಸದೆಯೇ, “ಅವಸರ ಹಂಚಿಗಿರ್ತೈತ್ರೀ ಅಕ್ಕೋರ, ಕೈಗೆ ಅವಸರ ಮಾಡಬಾರ್ದು” ಎಂದರು. ಮಗುವಿನ ಕೆಲಸವನ್ನು ಕಸಿದುಕೊಂಡು ಅದರ ಬದಲಿಗೆ ನನ್ನ ಕೆಲಸವನ್ನು ಅವಳ ಹೆಸರಿನಲ್ಲಿ ಹಿಂದಿರುಗಿಸಿದ್ದೆ. ಹೊಗಳಿಕೆಯು ಆ ಅಪಹರಣಕ್ಕೆ ಹೊದಿಸಿದ ಬಟ್ಟೆಯಾಗಿದ್ದಿತು. ಪಿಯಾಜೆಯನ್ನೂ ಮಾಂಟೆಸೊರಿಯನ್ನೂ ಓದಿ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದ ನನಗೆ ಅವರ ಗ್ರಂಥಗಳ ತಾತ್ಪರ್ಯ ತಿಳಿದುದು ಅಂದು, ಓದು ಬಾರದ ಇಬ್ಬರಿಂದ.

ಮುಂದಿನ ವಾರ ಅದೇ ಹುಡುಗಿ ಮತ್ತೆ ತಟ್ಟುವಾಗ ನಾನು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತೆ. ರೊಟ್ಟಿ ಮೂರು ಮೂಲೆಯಾಯಿತು. ದಪ್ಪವಾದ ಅಂಚು ಬೇಯಲೆಂದು ಆ ತಾಯಿ ಕೆಂಡದ ಮೇಲೆ ಅದನ್ನು ಬಹಳ ಹೊತ್ತು ತಿರುಗಿಸಿದರು. ಹುಡುಗಿ ಅದನ್ನು ಮುರಿದು, ಸುಟ್ಟು ಕಪ್ಪಾದ ಮೂಲೆಯನ್ನು ತನಗಿಟ್ಟುಕೊಂಡು, ಬೆಂದ ಮೂಲೆಯೊಂದನ್ನು ಪಕ್ಕದವಳಿಗೂ ಇನ್ನೊಂದನ್ನು ನನಗೂ ಕೊಟ್ಟಳು. ಹಂಚುವುದನ್ನು ನಾವಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ತನ್ನದೆಂಬುದು ಇದ್ದವರು ಮಾತ್ರವೇ ಕೊಡಬಲ್ಲರು. ನಾನು ದುಂಡಗೆ ಮಾಡಿಕೊಟ್ಟ ರೊಟ್ಟಿಯಲ್ಲಿ ಅವಳದೆನ್ನುವುದು ಏನೂ ಇರಲಿಲ್ಲವಾದುದರಿಂದ ಕೊಡುವುದಕ್ಕೂ ಏನೂ ಇರಲಿಲ್ಲ.

೬

ಹಂಚಿ ತಿನ್ನುವ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ನಮ್ಮ ಸಮಾಜದಲ್ಲಿ ಯಾರ ಕೈ ತಟ್ಟಿದ ರೊಟ್ಟಿ ಯಾರ ತಟ್ಟೆಗೆ ಸಲ್ಲುತ್ತದೆ ಎಂಬ ಪ್ರಶ್ನೆ ಶತಮಾನಗಳಿಂದ ಮನುಷ್ಯರನ್ನು ಮನುಷ್ಯರಿಂದ ಬೇರ್ಪಡಿಸಿದೆ. ಒಂದೇ ಕೊಣಮಿಗೆಯಲ್ಲಿ ಎಲ್ಲ ಓಣಿಗಳ ಮಕ್ಕಳ ಕೈಗಳೂ ನಾದಿದ ಹಿಟ್ಟಿನ ರೊಟ್ಟಿಯನ್ನು ಎಲ್ಲರೊಡನೆ ಕೂಡಿ ತಿಂದ ಮಗುವಿನ ನಾಲಗೆಗೆ ಆ ಭೇದದ ರುಚಿ ಹತ್ತುವುದು ಕಷ್ಟ. ಅಂತೆಯೇ ಹುಡುಗರೂ ತಟ್ಟಬೇಕು, ಬಡಿಸಬೇಕು, ಗುಡಿಸಬೇಕು. ರೊಟ್ಟಿ ತಟ್ಟುವುದು ಹೆಂಗಸರ ಹಣೆಯಲ್ಲಿ ಬರೆದ ಕೆಲಸವೆಂಬ ತಪ್ಪು ತಿಳಿವಳಿಕೆ ಬೇರೂರುವುದಕ್ಕೆ ಮೊದಲೇ ಅವರ ಕೈಗೆ ಹಿಟ್ಟು ಹತ್ತಲಿ. ಮನೆಮನೆಯ ರೊಟ್ಟಿಯನ್ನೂ ಕರೆತನ್ನಿ: ತಾಂಡಾದ ಮಗು ಬಾಟಿಯೆಂದೂ, ಮರಾಠಿ ಮನೆಯ ಮಗು ಭಾಕರಿಯೆಂದೂ, ಕೊಡಗಿನ ಮಗು ಒಟ್ಟಿಯೆಂದೂ ಹೇಳಿದಾಗ, ಅದು ತಪ್ಪು, ರೊಟ್ಟಿಯೆನ್ನು, ಎಂದು ತಿದ್ದಬೇಡಿ. ತನ್ನ ತಾಯಿಯ ಮಾತಿಗೆ ಶಾಲೆಯಲ್ಲಿ ಮಣೆಯುಂಟೆಂದು ಕಂಡ ಮಗು ಕನ್ನಡದ ಮಾತನ್ನೂ ಅಷ್ಟೇ ಪ್ರೀತಿಯಿಂದ ಎತ್ತಿಕೊಳ್ಳುತ್ತದೆ.

ಅನ್ನದೊಡನೆ ಆಟವಾಡುವುದು 'ಪಾಪ'ವಲ್ಲವೇ ಎಂಬ ಆಕ್ಷೇಪಣೆಯನ್ನು ಹಿರಿಯರು ಎತ್ತುತ್ತಾರೆ. ಅದು ಗೌರವಕ್ಕೆ ಯೋಗ್ಯವಾದ ಆಕ್ಷೇಪಣೆ. ಹಿಟ್ಟಿಗೆ ಉಪ್ಪು ಬಣ್ಣ ಬೆರೆಸಿ ಗೊಂಬೆ ಮಾಡಿ ಎಸೆಯುವ ಪದ್ಧತಿ ಬೇರೆ ನಾಡುಗಳ ಶಾಲೆಗಳಲ್ಲಿ ಉಂಟು. ಹಸಿವನ್ನು ಕಂಡ ನಾಡಿಗೆ ಅದು ಒಪ್ಪುವುದಿಲ್ಲ. ಗೊಂಬೆಗೆ ಕೆರೆಯ ಜೇಡಿಯಿದೆ. ಹಿಟ್ಟಿನಿಂದ ಮಾಡಿದುದು ಹಂಚಿಗೇರಬೇಕು, ಹಂಚಿನಿಂದಿಳಿದುದು ಹೊಟ್ಟೆಗೆ ಸೇರಬೇಕು, ನೆಲಕ್ಕೆ ಬಿದ್ದ ಚೂರು ಕೋಳಿಗೋ ಇರುವೆಗೋ ಸಲ್ಲಬೇಕು: ಇದೇ ನಮ್ಮ ನಿಯಮವಾಗಿರಲಿ. ಆದುದರಿಂದಲೇ ಇದು ಆಟದ ರೊಟ್ಟಿಯಲ್ಲ, ನಿಜವಾದ ರೊಟ್ಟಿ. ಮಗುವಿನ ಶ್ರದ್ಧೆಯೂ ಅದರಿಂದಲೇ ನಿಜವಾದುದು.

ಇದಕ್ಕೆ ದೊಡ್ಡ ಹಣ ಬೇಡ. ಒಂದು ಬೀಸುಕಲ್ಲು, ಎರಡು ಮೊರ, ಒಂದು ಜರಡಿ, ಒಂದು ಕೊಣಮಿಗೆ, ಕೈ ತೊಳೆಯಲು ನೀರು ಮತ್ತು ಸಾಬೂನು, ಉಗುರು ಕತ್ತರಿ, ಓಣಿಯಲ್ಲಿ ಬಿಡುವಾಗಿರುವ ಒಬ್ಬ ಅಜ್ಜಿ, ವಾರದಲ್ಲಿ ಒಂದು ಬೆಳಗು. ಇವೆಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು, ಮಗು ತಟ್ಟುತ್ತಿರುವಾಗ ತನ್ನ ಕೈಯನ್ನು ತಡೆದು ಹಿಡಿಯಬಲ್ಲ ಶಿಕ್ಷಕಿಯ ಸಂಯಮ. ಅದನ್ನು ಯಾವ ಇಲಾಖೆಯೂ ಸರಬರಾಜು ಮಾಡಲಾರದು. ಅದು ಆಕೆಯೇ ಮಾಡಬೇಕಾದ ತಪಸ್ಸು. ತರಬೇತಿ ಪಡೆಯುತ್ತಿರುವ ಸೋದರಿಯರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಮುಂದೆ ಸೊಟ್ಟ ರೊಟ್ಟಿಯೊಂದು ಬಂದ ದಿನ, ಮೇಲ್ವಿಚಾರಕರು ಬಾಗಿಲಲ್ಲಿ ನಿಂತಿದ್ದರೂ ಸರಿಯೆ, ಅದನ್ನು ಸೊಟ್ಟಗೆಯೇ ಹಂಚಿಗೆ ಹಾಕಿ, ಬೇಯುವವರೆಗೆ ಕಾಯಿರಿ.